ಜಾಗ ಮಾತ್ರ ಕೇಳಬೇಡ

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಮೀನುಗಾರಿಕೆ ದೋಣಿ ನಡೆಸುವ ಹೆಂಗಸು, ಆಕೆಯ ಪಕ್ಕ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ತಂಗಿಯ ಮಗಳು. ಹುಡುಗಿಯ ತೊಡೆಯ ಮೇಲೆ ಒಂದು ಫಾರಂ. ದೊಡ್ಡಮ್ಮನ ಮುಷ್ಟಿಯಲ್ಲಿ ಶಾರ್ಕ್ ರೆಕ್ಕೆಯ ಚೂರಿದ್ದ ಪುಟ್ಟ ಸೀಸೆ.

“ಎಲ್ಲಿ ಸಿಕ್ತು ದೊಡ್ಡಮ್ಮ?”

“ಬಲೇಲಿ.”

“ಬಲೆ ಎಲ್ಲಿತ್ತು?”

“ನೀರಲ್ಲಿ.”

“ತಮಾಷೆ ಬೇಡ. ಈ ಶಾರ್ಕು ಉಳಿದಿರೋದೇ ಬೆರಳೆಣಿಕೆಯಷ್ಟು. ಡಿಎನ್ಎ ಓದಿದ್ರೆ ಅದರ ವಂಶಾನೇ ಗೊತ್ತಾಗತ್ತೆ.”

“ಓದ್ರಮ್ಮ, ಬೇಡ ಅಂದೋರ್ಯಾರು? ಅದಕ್ಕೇ ರೆಕ್ಕೆ ಚೂರು ಕತ್ತರಿಸ್ಕೊಂಡು ಶಾರ್ಕನ್ನ ವಾಪಸ್ ನೀರಿಗೆ ಬಿಟ್ಟೆ. ಹೋದ ಸಲ ಜಾಗಾನೂ ಬರೆಸಿದ್ದೆ. ಪೇಪರಲ್ಲಿ ಬಂತು. ವಾರದೊಳಗೆ ನಲವತ್ತು ದೋಣಿ ಅಲ್ಲೇ ಬಲೆ ಹಾಕಿದ್ವು. ವಂಶ ಓದೋಕೆ ಹೋಗಿ ನಿರ್ವಂಶ ಮಾಡ್ತೀರಾ?”

“ಫಾರಂನಲ್ಲಿ ಜಾಗದ ಕಾಲಂ ಖಾಲಿ ಬಿಟ್ರೆ ನಮ್ಮ ಸಾಹೇಬ್ರು ಈ ಚೂರನ್ನ ಮೆಷಿನ್‌ಗೇ ಹಾಕಲ್ಲ.”

“ಹಂಗಾದ್ರೆ ಸೀಸೆ ನನ್ಜೊತೆ ಮನೆಗೆ ಬರತ್ತೆ.”

“ಅಯ್ಯೋ, ಏನಾದ್ರೂ ಬರೀಲೇಬೇಕಲ್ಲ!”

“ಬರಿ: ದೊಡ್ಡಮ್ಮ ಹೇಳಲ್ಲ ಅಂದ್ರು.”

ಹುಡುಗಿ ನಕ್ಕಳು, ಆದರೆ ಹಾಗೆಯೇ ಬರೆದಳು. ದೊಡ್ಡಮ್ಮ ಅದನ್ನು ಎರಡು ಸಲ ಓದಿ, ಕೆಳಗೆ ಸಹಿ ಹಾಕಿ, ಆಮೇಲೆ ಸೀಸೆ ಕೊಟ್ಟರು. ಸ್ಟಾಪ್ ಬಂತು. ಇಳಿಯುತ್ತಾ ಅಂದರು:

“ಸಾಹೇಬ್ರಿಗೆ ಆ ಜಾಗ ನೋಡ್ಲೇಬೇಕು ಅನ್ಸಿದ್ರೆ ಕರ್ಕೊಂಡ್ ಬಾ. ದೋಣೀಲಿ ಕೂರಿಸ್ಕೊಂಡು ಹೋಗ್ತೀನಿ, ಕಣ್ಣಿಗೆ ಬಟ್ಟೆ ಕಟ್ಟಿ.”