ಕೌದಿಯ ಕೆಂಪು ಗೆರೆ

ಇವತ್ತಿನ ಪ್ರವಚನದಲ್ಲಿ ನೋಡುವುದರ ಬಗ್ಗೆ ಮಾತಾಡೋಣ ಅಂದೆ. ನೀವು ನಕ್ಕಿರಿ. ನೋಡುವುದರಲ್ಲಿ ಕಲಿಯುವುದೇನಿದೆ ಅಂತ ತಾನೆ? ಕಣ್ಣಿದ್ದವರೆಲ್ಲ ನೋಡುತ್ತಾರೆ ಅಂತ ತಾನೆ? ಹಾಗಾದರೆ ಒಬ್ಬ ಸಾಹುಕಾರನ ಕಥೆ ಕೇಳಿ. ಅವನಿಗೂ ಎರಡು ಕಣ್ಣಿದ್ದವು. ಸಾಲದು ಅಂತ ಮೂರನೆಯದೊಂದನ್ನು ಕೊರಳಿಗೆ ನೇತುಹಾಕಿಕೊಂಡಿದ್ದ. ಕ್ಯಾಮೆರಾ!

ನೇಕಾರರ ಊರು. ಬೆಳಗಾದರೆ ಓಣಿ ಓಣಿಯಲ್ಲೂ ಮಗ್ಗದ ಸದ್ದು. ಸಂಗನಬಸಪ್ಪ ಅಲ್ಲಿ ಎಪ್ಪತ್ತು ಮಗ್ಗಗಳ ಧಣಿ. ಕೆಟ್ಟವನಾ? ಅಲ್ಲ. ಕಲೆಯ ಹುಚ್ಚು ಇದ್ದವನು. ಪಡಸಾಲೆಯ ಗೋಡೆ ತುಂಬ ಚಿತ್ರಪಟ, ಕಪಾಟಿನ ತುಂಬ ವಿನ್ಯಾಸದ ಪುಸ್ತಕ. ಎಲ್ಲಿ ಹೋದರೂ ಫೋಟೋ. ಬಾಗಿಲು ಕಂಡರೆ ಫೋಟೋ, ಹೂವು ಕಂಡರೆ ಫೋಟೋ, ಹಳೇ ಗೋಡೆಯ ಪಾಚಿ ಕಂಡರೂ ಫೋಟೋ. ತೆಗೆದಷ್ಟು ಫೋಟೋವನ್ನು ಅವನೇ ತಿರುಗಿ ನೋಡಿರಲಿಲ್ಲ, ಆ ಮಾತು ಬೇರೆ.

ಅವನ ಸೀರೆಗಳನ್ನು ಕೊಳ್ಳುತ್ತಿದ್ದದ್ದು ದೂರದ ಶಹರದ ಒಂದು ದೊಡ್ಡ ಅಂಗಡಿ. ಅಲ್ಲಿಂದ ಮಾಲು ಆರಿಸಲು ಬರುತ್ತಿದ್ದವಳು ಶುಭದಾ ಪೈ ಎನ್ನುವ ಹೆಂಗಸು. ಮಾತು ಕಡಿಮೆ, ಕಣ್ಣು ಚುರುಕು. ಒಂದು ದಿನ ಆಕೆಯ ಫೋನು ಬಂತು.

"ಸಂಗನಬಸಪ್ಪನವರೇ, ನೀವು ಹೋದ ಸಲ ಕಳಿಸಿದ ಅಂಚು ಬೇರೆಯವರ ಸೀರೆಯಿಂದ ಎತ್ತಿದ್ದು. ಅದಕ್ಕೆ ಹಿಂದಿನದು ಪುಸ್ತಕದಿಂದ ಎತ್ತಿದ್ದು. ನಮ್ಮ ಅಂಗಡಿಗೆ ಬಂದ ಗಿರಾಕಿಯೇ ಗುರುತು ಹಿಡಿದು ಹೇಳಿದರು. ನಾನು ತಲೆ ತಗ್ಗಿಸಬೇಕಾಯಿತು."

ಇವನು ಏನೋ ಸಮಜಾಯಿಷಿ ಹೇಳಲು ಹೋದ. ಆಕೆ ಕೇಳಲಿಲ್ಲ.

"ಒಂಬತ್ತು ದಿನ ಬಿಟ್ಟು ಬರುತ್ತೇನೆ. ನಿಮ್ಮದೇ ಅನ್ನುವಂಥ ಒಂದು ಹೊಸ ಸೀರೆ ತೋರಿಸಿ. ಇಲ್ಲದಿದ್ದರೆ ನಮ್ಮ ನಿಮ್ಮ ವ್ಯವಹಾರ ಮುಗಿಯಿತು."

ಮುಗಿಯಿತು ಅಂದರೆ ಏನು? ನೋಡಿ, ಧಣಿಯ ಊಟ ನಿಲ್ಲುವುದಿಲ್ಲ. ನಿಲ್ಲುವುದು ಎಪ್ಪತ್ತು ಮಗ್ಗ. ಒಂದೊಂದು ಮಗ್ಗದ ಹಿಂದೆ ಒಂದು ಮನೆ, ಆ ಮನೆಯಲ್ಲೊಂದು ಒಲೆ. ಸಂಗನಬಸಪ್ಪನಿಗೆ ಅದು ಗೊತ್ತಿತ್ತು.

ಹುಡುಕಲು ಹೊರಟ. ಮೊದಲ ದಿನ ಹಳೇ ಗುಡಿಗಳ ಕಂಬ, ಎರಡನೇ ದಿನ ವಸ್ತುಸಂಗ್ರಹಾಲಯ, ಮೂರನೇ ದಿನ ಶಹರದ ಒಂದು ಚಿತ್ರಪ್ರದರ್ಶನ. ದಿನವೂ ಚೀಲ ತುಂಬ ಫೋಟೋ ತಂದು ಮಾನಪ್ಪನ ಮುಂದೆ ಸುರಿಯುತ್ತಿದ್ದ. ಮಾನಪ್ಪ ಅವನ ಹಿರಿಯ ನೇಕಾರ. ಕಾಗದದ ಮೇಲಿನ ಗೆರೆಯನ್ನು ಮಗ್ಗಕ್ಕೆ ಹತ್ತಿಸುವವನು ಅವನೇ. ಮಾನಪ್ಪ ಒಂದೊಂದನ್ನೇ ನೋಡಿ ಕೆಳಗಿಡುತ್ತಿದ್ದ.

"ಇದು ಬಂದೈತ್ರೀ ಧಣಿ. ಇದೂ ಬಂದೈತಿ. ಇದನ್ನ ನಮ್ಮಪ್ಪನ ಕಾಲಕ್ಕ ನೇಯ್ದಾರ."

"ಹಂಗಾರ ಏನು ಮಾಡೋಣೋ?" ಧಣಿ ಕೂಗಿದ.

"ನನ್ನ ಕೇಳಿದ್ರ?" ಅಂದ ಮಾನಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅಂಜಿಕೆ ಇತ್ತು. ಮಗ್ಗದ ಮನೆಯಲ್ಲಿ ಸುದ್ದಿ ಆಗಲೇ ಹಬ್ಬಿತ್ತು. ಯಾರೂ ಏನೂ ಕೇಳುತ್ತಿರಲಿಲ್ಲ. ಧಣಿ ಒಳಗೆ ಬಂದ ಕೂಡಲೇ ಎಲ್ಲರೂ ಅವನ ಮುಖ ನೋಡುತ್ತಿದ್ದರು, ಆಮೇಲೆ ತಲೆ ಬಗ್ಗಿಸಿ ಲಾಳಿ ಓಡಿಸುತ್ತಿದ್ದರು. ಕೇಳಿದ್ದರೆ ಬೈದು ಹಗುರಾಗಬಹುದಿತ್ತು. ಕೇಳದಿದ್ದರೆ?

ನಾಲ್ಕನೇ ದಿನ ಮಧ್ಯಾಹ್ನ. ಕಾರಿನಲ್ಲಿ ಊರಿಗೆ ಮರಳುತ್ತಿದ್ದಾನೆ. ಊರಂಚಿನ ಒಂದು ಮನೆಯ ಮೋಟುಗೋಡೆಯ ಮೇಲೆ ಕೌದಿ ಒಣಗುತ್ತಿತ್ತು. ಹಳೇ ಬಟ್ಟೆ ತುಂಡುಗಳನ್ನು ಪದರ ಪದರವಾಗಿ ಹಾಕಿ ಹೊಲಿದ ಕೌದಿ. ನಿಮ್ಮೆಲ್ಲರ ಮನೆಯಲ್ಲೂ ಇದೆ. ಆದರೆ ಇದನ್ನು ಕಂಡವನೇ ಕಾರು ನಿಲ್ಲಿಸಿದ. ಕಪ್ಪು, ನೀಲಿ, ಹಾಲುಬಿಳಿ ಚೌಕಗಳು, ಚೌಕದೊಳಗೆ ಚೌಕ. ಅವುಗಳ ಸುತ್ತ ಒಂದು ಕೆಂಪು ಗೆರೆ. ಆ ಗೆರೆ ನೆಟ್ಟಗೆ ಬಂದು ಬಂದು, ಒಂದು ಕಡೆ ಥಟ್ಟನೆ ಒಳಕ್ಕೆ ತಿರುಗಿತ್ತು. ಅದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಇಳಿದ, ಫೋಟೋ ತೆಗೆದ. ಒಂದೇ ಒಂದು. ಯಾಕೆ ಒಂದೇ? ಒಳಗಿನಿಂದ ಒಬ್ಬ ಹೆಂಗಸು ಬಂದಳು. ಹುಲಿಗೆವ್ವ. ವಯಸ್ಸು ಅರವತ್ತರ ಮೇಲೆ, ಬೆರಳಲ್ಲಿ ಸೂಜಿ.

"ಯಾರ್ರೀ? ಏನು ಬೇಕಾಗಿತ್ತು?"

"ಏನಿಲ್ಲಬೇ. ಕೌದಿ ಭಾಳ ಚಲೋ ಐತಿ."

"ಚಲೋ ಐತಿ ಅಂದ್ರ ಕೂಡ್ರಿ, ನೋಡ್ರಿ. ನಿಂತು ನೋಡೂದೇನು?"

"ಹೊತ್ತಿಲ್ಲಬೇ. ಇದನ್ನ ನನಗ ಕೊಡ್ತಿಯೇನು? ಮೂರು ಹೊಸ ರಗ್ಗು ಕೊಡ್ತೀನಿ."

ಆಕೆ ನಕ್ಕಳು. "ರಗ್ಗು ತಗೊಂಡು ಏನು ಮಾಡ್ಲಿ? ಇದು ಮೊಮ್ಮಕ್ಕಳಿಗೆ ಹೊಲಿದದ್ದು."

ಸರಿ, ಕೌದಿ ಬೇಡ, ಫೋಟೋ ಸಿಕ್ಕಿತಲ್ಲ! ಹಾಗಂದುಕೊಂಡು ಕಾರು ಹತ್ತಿದ. ದಾರಿಯಲ್ಲೇ ಶುಭದಾಗೆ ಫೋನು ಮಾಡಿದ. "ಸಿಕ್ತ್ರೀ ಮೇಡಂ. ಹೊಸದು. ನಮ್ಮದ." ಕೇಳಿದಿರಾ? ನಮ್ಮದ! ಕಾರಿನ ಚಕ್ರಕ್ಕೆ ಅಂಟಿದ ಆ ಮನೆಯ ಮುಂದಿನ ಮಣ್ಣು ಇನ್ನೂ ಉದುರಿರಲಿಲ್ಲ.

ಮಾನಪ್ಪ ಫೋಟೋ ನೋಡಿ ಮೊದಲ ಸಲ ಕಣ್ಣರಳಿಸಿದ. ಎರಡು ದಿನ ಹಗಲೆಲ್ಲ ಕೂತು ನಕ್ಷೆ ಬರೆದ, ಮಗ್ಗಕ್ಕೆ ಹತ್ತಿಸಿದ, ಒಂದು ಗೇಣು ನೇಯ್ದ. ನೇಯ್ದವನು ಕೈ ಎತ್ತಿಬಿಟ್ಟ.

"ಧಣಿ, ಇದರಾಗ ಜೀವ ಇಲ್ರೀ."

ಸಂಗನಬಸಪ್ಪ ಬಗ್ಗಿ ನೋಡಿದ. ನಿಜ. ಚೌಕಗಳಿದ್ದವು, ಗೆರೆ ಇತ್ತು. ಆದರೆ ನೆಲಕ್ಕೆ ಹಾಸಿದ ಕಲ್ಲಿನ ಹಾಗೆ ಬಿದ್ದುಕೊಂಡಿತ್ತು.

"ಈ ಗೆರಿ ಒಳಗ ಹೊಳ್ಳಿ ಎಲ್ಲಿಗೆ ಹೋಗತೈತಿ?" ಮಾನಪ್ಪ ಫೋಟೋದ ಮೇಲೆ ಬೆರಳಿಟ್ಟ. "ಇಲ್ಲಿ ಕೌದಿ ಮಡಿಚೇತಿ, ಮುಂದಿಂದು ಕಾಣಂಗಿಲ್ಲ. ನಾನು ಅಂದಾಜಿನ ಮ್ಯಾಲೆ ಹಾಕೀನಿ. ನೀವು ಕಣ್ಣಾರೆ ನೋಡೀರಲ್ಲ, ನೀವ ಹೇಳ್ರಿ."

ನೋಡಿ, ಇಲ್ಲಿ ಸಿಕ್ಕಿಬಿದ್ದ! ನೋಡಿದ್ದನೇ? ಅದರ ಮುಂದೆ ನಿಂತಿದ್ದ. ಗುಂಡಿ ಒತ್ತಿದ್ದ. ನೋಡಿರಲಿಲ್ಲ. ಉಳಿದದ್ದು ಮೂರೇ ದಿನ.

ಮಾರನೆಯ ಬೆಳಿಗ್ಗೆ ಮತ್ತೆ ಹುಲಿಗೆವ್ವನ ಮನೆಗೆ ಹೋದ. ಗೋಡೆಯ ಮೇಲೆ ಕೌದಿ ಇರಲಿಲ್ಲ. ಅವನು ಬಾಗಿಲಿಗೆ ಓಡಿದ. ಆಕೆ ಒಳಗೆ ಇನ್ನೊಂದು ಕೌದಿ ಹಾಸಿಕೊಂಡು ಹೊಲಿಯುತ್ತ ಕೂತಿದ್ದಳು.

"ಅವತ್ತಿನ ಕೌದಿ ಎಲ್ಲೈತಬೇ?"

"ಪೆಟಿಗ್ಯಾಗ ಐತಿ. ಹೊತ್ತು ಐತೇನು ಇವತ್ತು?"

"ಐತಿ," ಅಂದ. ಇರಲಿಲ್ಲ. ಆದರೂ ಅಂದ.

ಕೂತ. ನೆಲದ ಮೇಲೆ ಕೂತ. ಎಪ್ಪತ್ತು ಮಗ್ಗಗಳ ಧಣಿ ಹೀಗೆ ನೆಲದ ಮೇಲೆ ಕೂತು ಎಷ್ಟು ವರ್ಷವಾಗಿತ್ತೋ. ಆಕೆ ಕೌದಿ ಬಿಚ್ಚಿ ಹಾಸಿದಳು. ಇವನು ಗೆರೆ ಹಿಡಿದು ಬೆರಳಾಡಿಸುತ್ತ ಹೋದ. ಕೆಂಪು ಒಳಕ್ಕೆ ತಿರುಗಿ, ನಡುವಿನ ಚೌಕವನ್ನು ತಬ್ಬಿಕೊಂಡು, ಮತ್ತೆ ಅಂಚಿಗೆ ಮರಳಿತ್ತು.

"ಇದನ್ನ ಯಾಕ ಹಿಂಗ ಹೊಳ್ಳಿಸೀದಿ?"

"ಯಾಕಂದ್ರ? ಇಲ್ಲಿ ಹುಡುಗ್ರ ಕಾಲು ಬರ್ತಾವ. ನಿದ್ದ್ಯಾಗ ಒದೀತಾವ, ಕೌದಿ ಮೊದ್ಲ ಹರಿಯೂದು ಇಲ್ಲೆ. ಅದಕ್ಕ ನಮ್ಮ ಮನೆಯವರ ಕೆಂಪು ರುಮಾಲು ಎರಡು ಪದರ ಮಾಡಿ ಹಾಕೀನಿ. ಗಟ್ಟಿ ಅರಿವಿ ಅದು. ನಡುವ ನನ್ನ ಹಳೇ ಸೀರಿ. ಮೆತ್ತಗ ಇರತೈತಿ, ಮೈಗೆ ತಾಗೂದು ಅದ ಅಲ್ಲ?"

ಇಷ್ಟು ವರ್ಷ ಅವನು ಅಂದವನ್ನು ಬಟ್ಟೆಯ ಮೇಲೆ ಅಂಟಿಸುತ್ತ ಬಂದಿದ್ದ. ಈ ಮುದುಕಿ ಮಕ್ಕಳ ಕಾಲನ್ನು ನೋಡಿದ್ದಳು. ಮಲಗಿದ ಮಕ್ಕಳನ್ನು ದಿನವೂ ನೋಡಿದ್ದಳು. ಗೆರೆ ಅಲ್ಲಿಂದ ಹುಟ್ಟಿತ್ತು. ಅವನು ಬಿಸಿಲು ಏರುವ ತನಕ ಕೂತ. ಆಕೆ ಅಂಚಿನಿಂದ ಸುತ್ತುತ್ತ ನಡುವಿನವರೆಗೂ ಹೊಲಿಯುವುದನ್ನು ನೋಡಿದ. ಕ್ಯಾಮೆರಾ ಮುಟ್ಟಲಿಲ್ಲ.

ಏಳುವಾಗ ಕೇಳಿದ, "ಈ ಗೆರಿ ಸೀರಿಗೆ ಹಾಕ್ಕೊಳ್ಳಲೇನಬೇ?"

"ಹಾಕ್ರಿ, ನಂದೇನು ಹೋಗತೈತಿ? ಯಾರಾರ ಕೇಳಿದ್ರ ಹುಲಿಗೆವ್ವನ ಕಡಿಂದ ಬಂತು ಅಂತ ಹೇಳ್ರಿ. ಅಷ್ಟ."

"ಹೇಳತೀನಿ," ಅಂದ. ಆ ಕ್ಷಣಕ್ಕೆ ಅದು ಬಹಳ ಸುಲಭದ ಮಾತಾಗಿತ್ತು.

ಮಾನಪ್ಪ ಹಳೆಯದನ್ನು ಕಿತ್ತು ಹೊಸದಾಗಿ ಹತ್ತಿಸಿದ. ಒಂಬತ್ತನೇ ದಿನ ಶುಭದಾ ಪೈ ಬಂದಳು. ಮಗ್ಗದ ಮನೆಯ ನಡುವೆ ಮೇಜು ಹಾಕಿ ಸೀರೆ ಹರಡಿದರು. ಪೂರ್ತಿ ಸೀರೆಯಲ್ಲ, ಅರ್ಧ ಮಾತ್ರ ಆಗಿತ್ತು. ಆಕೆ ಗೆರೆಯ ಮೇಲೆ ಕೈಯಾಡಿಸಿದಳು. ಮುಂದೆ ಹೋದಳು, ತಿರುಗಿ ಬಂದಳು. ಮಗ್ಗಗಳು ಒಂದೊಂದಾಗಿ ನಿಂತವು. ಯಾರೂ ನಿಲ್ಲಿಸಿ ಅಂದಿರಲಿಲ್ಲ.

"ತುಂಬ ಚೆನ್ನಾಗಿದೆ," ಅಂದಳು. ಆಮೇಲೆ ಅವನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು, "ಇದು ನಿಮ್ಮದೇನಾ?"

ಈಗ ಹೇಳಿ, ನೀವಾಗಿದ್ದರೆ ಏನು ಅನ್ನುತ್ತಿದ್ದಿರಿ? ಹೌದು ಅಂದರೆ ಎಪ್ಪತ್ತು ಮಗ್ಗ ನಡೆಯುತ್ತವೆ. ಹುಲಿಗೆವ್ವ ಶಹರಕ್ಕೆ ಹೋಗಿ ಆ ಅಂಗಡಿಯ ಗಾಜಿನೊಳಗೆ ಇಣುಕುವವಳಲ್ಲ, ಅವಳಿಗೆ ಗೊತ್ತಾಗುವುದೇ ಇಲ್ಲ. ಅಲ್ಲ ಅಂದರೆ? ಮೂರನೇ ಸಲವೂ ಬೇರೆಯವರದ್ದು ಅಂತಾಗುತ್ತದೆ. ಎಪ್ಪತ್ತು ಜನ ಸುತ್ತ ನಿಂತಿದ್ದಾರೆ. ಮಾನಪ್ಪ ಕಣ್ಣಲ್ಲೇ ಬೇಡುತ್ತಿದ್ದಾನೆ, ಹೌದು ಅನ್ನಿ ಧಣಿ, ಒಂದು ಮಾತು. ಹೌದು ಅನ್ನುವ ಮಾತು ಸಂಗನಬಸಪ್ಪನ ನಾಲಿಗೆಯ ತುದಿಗೆ ಬಂದಿತ್ತು.

"ಅಲ್ರೀ," ಅಂದ. "ಊರ ಹೊರಗ ಹುಲಿಗೆವ್ವ ಅಂತ ಅದಾಳ. ಕೌದಿ ಹೊಲಿತಾಳ. ಆಕಿದು. ಫೋನಿನ್ಯಾಗ ನಮ್ಮದ ಅಂತ ಸುಳ್ಳು ಹೇಳಿದ್ದೆ."

ಶುಭದಾ ಕೈಯಲ್ಲಿದ್ದ ಆರ್ಡರಿನ ಪುಸ್ತಕ ಮುಚ್ಚಿದಳು. "ನಾನು ಏನು ಹೇಳಿದ್ದೆ?"

"ನಿಮ್ಮದ ಬೇಕು ಅಂದಿದ್ರಿ."

"ಮತ್ತೆ?"

"ಮತ್ತೇನಿಲ್ರೀ. ಇದ್ದದ್ದು ಹೇಳೀನಿ."

ಆಕೆ ಹೊರಗೆ ನಡೆದಳು. ಹಿಂದಿನಿಂದ ಯಾರೋ ಬಿಕ್ಕಿದ ಸದ್ದು ಕೇಳಿತು. ಕಾರಿನ ಬಾಗಿಲು ತೆಗೆದವಳು ಹಾಗೇ ನಿಂತಳು.

"ಆ ಹೆಂಗಸಿಗೆ ಇದು ಗೊತ್ತಾ?"

"ಆಕಿನ್ನ ಕೇಳೇ ನೇಯ್ದೀವ್ರೀ."

"ನಡೀರಿ, ಆಕೆಯ ಮನೆ ತೋರಿಸಿ. ಸೀರೆ ತಗೊಳ್ಳಿ."

ಸೀರೆ ಹೊತ್ತು ಮಾನಪ್ಪನೂ ಜೊತೆಗೆ ಹೋದ. ಹುಲಿಗೆವ್ವ ಸೀರೆಯನ್ನು ತೊಡೆಯ ಮೇಲೆ ಹಾಕಿಕೊಂಡಳು. ಎಲ್ಲರೂ ಆಕೆ ಹಿಗ್ಗುತ್ತಾಳೆ ಅಂದುಕೊಂಡರು. ಆಕೆ ಹುಬ್ಬು ಗಂಟಿಕ್ಕಿದಳು.

"ಗೆರಿ ಇಲ್ಲ್ಯಾಕ ಹೊಳ್ಳಿಸೀರಿ? ಸೀರಿ ಉಟ್ಟಾಕಿ ಇಲ್ಲಿ ಒದೀತಾಳೇನು?"

ಮಾನಪ್ಪ ಹತ್ತಿರ ಸರಿದು ಗೆರೆಯ ಮೇಲೆ ಬೆರಳಿಟ್ಟ.

"ಸೀರಿ ಹರಿಯೂದು ಎಲ್ಲಿ ಅಂತ ನೋಡ್ರಿ ಮೊದ್ಲ. ನಿರಿಗಿ ಹಿಮ್ಮಡಕ್ಕ ತಿಕ್ಕತೈತಿ, ಅಲ್ಲಿ. ಹೆಗಲ ಮ್ಯಾಲೆ ಪಿನ್ನು ಚುಚ್ಚತೀರಿ, ಅಲ್ಲಿ. ಗೆರಿ ಅಲ್ಲಿ ಹೊಳ್ಳಲಿ, ನೂಲು ದಪ್ಪ ಹಾಕ್ರಿ. ನಡುವಿಂದು ಮೆತ್ತಗ ಇರಲಿ."

ಶುಭದಾ ಪೈ ತನ್ನ ಸೀರೆಯ ನಿರಿಗೆಯನ್ನು ಬಗ್ಗಿ ನೋಡಿಕೊಂಡಳು. ಹಿಮ್ಮಡಿಯ ಹತ್ತಿರ ನೂಲು ಎದ್ದಿತ್ತು. ಇಪ್ಪತ್ತು ವರ್ಷ ಸೀರೆ ಆರಿಸಿದವಳು ಆಕೆ! ಮುದುಕಿಯ ಎದುರು ನೆಲದ ಮೇಲೆ ಕೂತಳು.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಿತು ಅಂದುಕೊಂಡಿರಾ? ಇಲ್ಲ. ಹೊಸ ಸೀರೆ ನಡೆಯುತ್ತದೋ ಇಲ್ಲವೋ ಗೊತ್ತಿಲ್ಲ ಅಂತ ಶುಭದಾ ಮೂವತ್ತು ಮಗ್ಗಗಳಿಗೆ ಮಾತ್ರ ಕೆಲಸ ಕೊಟ್ಟಳು. ಮಿಕ್ಕ ನಲವತ್ತು ಮಗ್ಗ ಮೂರು ತಿಂಗಳು ನಿಂತವು. ಒಂದು ಮಾತು ಹೌದು ಅಂದಿದ್ದರೆ ಏನಾಗುತ್ತಿತ್ತು ಅಂತ ಜನ ಧಣಿಯ ಎದುರಿಗೇ ಬೈದರು. ಅವನು ತಿರುಗಿ ಬೈಯಲಿಲ್ಲ. ಪಡಸಾಲೆಯ ಚಿತ್ರಪಟಗಳನ್ನು ಮಾರಿ ಆ ನಲವತ್ತು ಮನೆಗಳಿಗೆ ಕಾಳು ಹಾಕಿಸಿದ. ತಾನೇ ಮನೆ ಮನೆಗೆ ಹೋದ, ಹೋದಲ್ಲಿ ಕೂತ. ಒಬ್ಬಳು ಮುರಿದ ಬುಟ್ಟಿಯನ್ನು ಹೆಣೆದು ಸರಿಮಾಡಿದ ರೀತಿ ನೋಡಿದ, ಒಬ್ಬ ಮುದುಕ ಕಿಟಕಿಗೆ ಬಿದಿರು ಕಟ್ಟಿದ ರೀತಿ ನೋಡಿದ. ನೋಡಿದ, ಯಾಕೆ ಹೀಗೆ ಅಂತ ಕೇಳಿದ. ದೀಪಾವಳಿಗೆ ಮೂವತ್ತು ಮಗ್ಗದ ಸೀರೆ ಖರ್ಚಾಗಿ ಇನ್ನಷ್ಟು ಬೇಕಾಯಿತು. ನಿಂತ ಮಗ್ಗಗಳು ಒಂದೊಂದಾಗಿ ಎದ್ದವು. ಪ್ರತಿ ಸೀರೆಗೂ ಒಂದು ಚೀಟಿ ಅಂಟಿಸಿ, ಈ ಗೆರೆ ಯಾರದ್ದು ಅಂತ ಅದರಲ್ಲಿ ಹೆಸರು ಬರೆಸಿದ.

ಈಗ ನಿಮ್ಮ ಕಡೆಗೆ ಬರುತ್ತೇನೆ. ಮುಖ ಆ ಕಡೆ ತಿರುಗಿಸಬೇಡಿ.

ಸಂಗನಬಸಪ್ಪನ ಕಥೆ ಕೇಳಿ ನಕ್ಕಿರಲ್ಲ, ನಿಮ್ಮ ಫೋನಿನೊಳಗೆ ಎಷ್ಟು ಸಾವಿರ ಫೋಟೋ ಇವೆ? ಅದರಲ್ಲಿ ಎಷ್ಟನ್ನು ನೋಡಿದ್ದೀರಿ? ಕಲೆ ಅಂದರೆ ಎಲ್ಲೋ ದೊಡ್ಡ ಊರಿನಲ್ಲಿ, ಗಾಜಿನ ಹಿಂದೆ ಇರುತ್ತದೆ ಅಂತ ನಂಬಿದ್ದೀರಲ್ಲ, ನಿಮ್ಮ ಬಾಗಿಲಲ್ಲಿ ಬೆಳಿಗ್ಗೆ ರಂಗೋಲಿ ಬಿದ್ದಿತ್ತು. ಎಷ್ಟು ಎಳೆ ಇತ್ತು, ಹೇಳಿ? ದಾಟಿಕೊಂಡು ಬಂದಿರಿ. ತಾಯಂದಿರೇ, ಸುಮ್ಮನಿರಬೇಡಿ, ನೀವೂ ಅಷ್ಟೇ. ನಿಮ್ಮ ರವಿಕೆ ಹೊಲಿದವನ ಮುಖ ನೆನಪಿದೆಯೇ? ತೋಳಿಗೆ ಅವನು ಇಟ್ಟ ಮಡಿಕೆ ಯಾಕೆ ಅಂತ ಕೇಳಿದ್ದೀರಾ? ಕೆಟ್ಟರೆ ಬೈದಿದ್ದೀರಿ. ಚೆನ್ನಾಗಿದ್ದರೆ ಯಾರೋ ಹೊಗಳಿದಾಗ ನಾನೇ ಹೇಳಿ ಮಾಡಿಸಿದ್ದು ಅಂದಿದ್ದೀರಿ. ನಮ್ಮದ ಅಂದವನಿಗೂ ನಿಮಗೂ ಏನು ಅಂತರ?

ನಾಳೆಯಿಂದ ಏನು ಮಾಡಬೇಕು ಅಂತ ಬಿಡಿಸಿ ಹೇಳುತ್ತೇನೆ, ದೊಡ್ಡ ವ್ರತವೇನಲ್ಲ. ದಿನಕ್ಕೊಂದು ವಸ್ತುವಿನ ಮುಂದೆ ಕೂತುಕೊಳ್ಳಿ. ತಂಬಿಗೆಯಾಗಲಿ, ಮೊರವಾಗಲಿ, ಮಗುವಿನ ಟೋಪಿಯಾಗಲಿ. ಫೋನು ಕೆಳಗಿಟ್ಟು ಕೂತುಕೊಳ್ಳಿ. ಯಾಕೆ ಹೀಗಿದೆ ಅಂತ ಕೇಳಿ. ಮಾಡಿದವರು ಹತ್ತಿರದಲ್ಲಿದ್ದರೆ ಅವರನ್ನೇ ಕೇಳಿ. ಅವರಿಂದ ಏನಾದರೂ ಕಲಿತರೆ ಅವರ ಹೆಸರು ಹೇಳಿ, ನಷ್ಟವಾದರೂ ಹೇಳಿ. ನಷ್ಟವಾಗುವ ಹೊತ್ತಿಗೆ ಹೇಳಿದ್ದೇ ಲೆಕ್ಕ. ಉಳಿದದ್ದೆಲ್ಲ ಬರೀ ಉಪಚಾರದ ಮಾತು.

ನೀವು ಈಗ ಕೂತಿರುವ ಜಮಖಾನೆಯನ್ನು ಒಮ್ಮೆ ನೋಡಿ. ಐದು ದಿನದಿಂದ ಅದರ ಮೇಲೆ ಕೂತು ನನ್ನ ಮಾತು ಕೇಳಿದ್ದೀರಿ. ಅದರ ಪಟ್ಟೆಯ ಬಣ್ಣ ಯಾವುದು ಅಂತ ಈಗಷ್ಟೇ ಬಗ್ಗಿ ನೋಡುತ್ತಿದ್ದೀರಿ. ನಾಚಿಕೆ ಬೇಡ, ಈ ಮಾತು ಆಡುವವರೆಗೆ ನಾನೂ ನೋಡಿರಲಿಲ್ಲ. ಅದನ್ನು ದಿನವೂ ಹಾಸಿ ಮಡಿಸುವ ತಾಯಿ ಅಲ್ಲಿ ಕಂಬದ ಪಕ್ಕ ನಿಂತಿದ್ದಾರೆ. ಎದ್ದು ಹೋಗುವಾಗ ಮೊದಲು ಅವರ ಹೆಸರು ಕೇಳಿಕೊಂಡು ಹೋಗಿ. ನಾನೂ ಬರುತ್ತೇನೆ. ನನಗೂ ಗೊತ್ತಿಲ್ಲ.