ಎಣ್ಣೆಯೊಳಗಿನ ಬೆಳ್ಳುಳ್ಳಿ

ಖಾನಾಪುರದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಇಬ್ಬರು ಹೆಂಗಸರು ಕುಳಿತಿದ್ದರು. ಅವರಲ್ಲಿ ಲಕ್ಷ್ಮಿಯ ಚೀಲದಲ್ಲಿ ಎಣ್ಣೆಯಲ್ಲಿ ಮುಳುಗಿದ ಬೆಳ್ಳುಳ್ಳಿಯ ಬಾಟಲಿಯಿತ್ತು. ಇನ್ನೊಬ್ಬಳು, ಬೀಡಿ ಊರಿನ ಕಾಡವ್ವ, ಅದನ್ನೇ ದಿಟ್ಟಿಸುತ್ತಿದ್ದಳು.

"ಇದನ್ನ ಯಾವಾಗ ಮಾಡೀದಿ?"

"ಹೋದ ತಿಂಗಳರೀ. ಬೆಳಗಾವಿ ವಡಗಾವ್ಯಾಗ ಮಗಳು ಬಸರಿ ಅದಾಳ, ಬಾಯಿಗೆ ರುಚಿ ಬೇಕಂತಾಳ."

"ಫ್ರಿಜ್ಜಿನ್ಯಾಗ ಇಟ್ಟಿದ್ದೇನು?"

"ಇಲ್ರೀ, ಒಲಿ ಬಾಜೂಕ. ಮ್ಯಾಲ ಎಣ್ಣಿ ಐತಲ್ರೀ, ಕೆಡೂದಿಲ್ಲ. ವಾಸನಿ ನೋಡ್ರಿ."

"ನನ್ನ ತಂಗಿನೂ ಇಂಥದ್ದನ್ನ ವಾಸನಿ ನೋಡೇ ತಿಂದಿದ್ಲು. ಘಮ್ ಅಂತಿತ್ತು."

ಲಕ್ಷ್ಮೀ ಮುಚ್ಚಳ ತಿರುಗಿಸುವುದನ್ನು ನಿಲ್ಲಿಸಿದಳು.

"ಏನಾತ್ರೀ ಅವರಿಗೆ?"

"ಮರುದಿನ ಮುಂಜಾನೆ ಎದ್ದು, ಅಕ್ಕಾ, ನೀ ಇಬ್ಬರು ಕಾಣಾಕತ್ತೀದಿ ಅಂದ್ಲು. ಮನಿ ಮಂದಿ ಎಲ್ಲಾ ನಕ್ಕರು. ಸಂಜೀಕ ರೆಪ್ಪಿ ಏಳಲಿಲ್ಲ, ನೀರು ನುಂಗಾಕ ಆಗಲಿಲ್ಲ. ಆಮ್ಯಾಲ ಉಸಿರಾಡಾಕೂ ಆಗಲಿಲ್ಲ. ಎಣ್ಣಿ ಒಳಗ ಗಾಳಿ ಇಲ್ಲದಲ್ಲೇ ಆ ವಿಷ ಹುಟ್ಟತೈತಿ ಅಂತ ಡಾಕ್ಟರ್ ಹೇಳಿದ್ರು."

"ಮತ್ತ ಹ್ಯಾಂಗ ಮಾಡೂದ್ರೀ?"

"ಬೇಕಾದಷ್ಟೇ ತಾಜಾ ಮಾಡು. ಉಳಿದ್ರ ಆಗಿಂದಾಗ ಫ್ರಿಜ್ಜಿನ್ಯಾಗ ಇಡು, ಮೂರ್ನಾಕು ದಿನದಾಗ ಮುಗಸು. ಮುಗೀದಿದ್ರ ಚೆಲ್ಲು."

ಲಕ್ಷ್ಮೀ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕಸದ ಡಬ್ಬಿಗೆ ಹಾಕಿ ಬಂದಳು.

"ಕಡೀಕ ಏನರೆ ಅಂದ್ರೇನ್ರೀ ಅವರು?"

"ನಾಲಿಗಿ ಹೊಳ್ಳಲಿಲ್ಲ. ಆದ್ರ ಜೀವ ಹೋಗೂತನಕ ಆಕಿಗೆ ಎಲ್ಲಾ ಕೇಳತಿತ್ತಂತ. ಡಾಕ್ಟರ್ ಆಮ್ಯಾಲ ಹೇಳಿದ್ರು." ಕಾಡವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ಮಣ್ಣ ಎಲ್ಲಿ ಮಾಡೂದು ಅಂತ ನಾವು ಆಕಿ ಮಂಚದ ಬಾಜೂಕ ನಿಂತು ಮಾತಾಡಿದ್ವಿ."

ಬೆಳಗಾವಿಯ ಬಸ್ಸು ಬಂತು. ಇಬ್ಬರೂ ಎದ್ದು ಹತ್ತಿದರು.