ಹಲಸಿನ ಬುಡ ಕಿತ್ತ ದಿನದ ಬಗ್ಗೆ ಕಲ್ಲುಕೊಪ್ಪದ ಗುತ್ಯಮ್ಮ ಬರೆಸಿದ್ದು

ಗುತ್ಯಮ್ಮ ಕೋಂ ದಿವಂಗತ ಕೆರಿಯಪ್ಪ, ವಯಸ್ಸು ಸುಮಾರು ನಲವತ್ತಾರು, ಗೇಣಿ ಬೇಸಾಯ ಮತ್ತು ಕೂಲಿ, ವಾಸ ಕಲ್ಲುಕೊಪ್ಪ, ನಿಟ್ಟೂರು ಹತ್ತಿರ, ಹೊಸನಗರ ತಾಲ್ಲೂಕು. ನನ್ನ ಹಿತ್ತಲಿಗೆ ಬಂದ ಹೆಡ್ ಕಾನ್‌ಸ್ಟೇಬಲ್‌ರವರ ಮುಂದೆ ಈ ಮೂಲಕ ತಿಳಿಸುವುದೇನೆಂದರೆ:

ಜಮೀನಿನ ಒಡೆಯರಾದ ಗೋಪಾಲಪ್ಪನವರು ಕೊಡುತ್ತೇನೆ ಎಂದದ್ದು: ಗೇಣಿ ಭತ್ತ ಅಳೆದಾಗಲೆಲ್ಲ ಒಂದು ಚೀಟಿ. ನಾವು ಮನೆ ಕಟ್ಟಿಕೊಂಡಿರುವ ಜಾಗಕ್ಕೆ ಕಾಗದ. ಕಳೆದ ದೀಪಾವಳಿ ಆದ ವಾರ ನಮ್ಮ ಹಿತ್ತಲಿನ ಹಲಸಿನ ಮರವನ್ನು ತಮ್ಮ ಹೊಸ ಮನೆಯ ಬಾಗಿಲಿಗೆ ಕಡಿಸಿಕೊಂಡಾಗ, ಬುಡ ನಿನಗೇ ಇರಲಿ ಎಂಬ ಮಾತು. ಚೀಟಿ ಕೊಡಲಿಲ್ಲ. ಕಾಗದ ಕೊಡಲಿಲ್ಲ. ಬುಡದ ವಿಷಯ ಕೆಳಗೆ ಹೇಳಿದ್ದೇನೆ.

ಮೂರು ತಲೆಯಿಂದ ಇಲ್ಲೇ ಇದ್ದೇವೆ, ಈ ಜಾಗ ನಮಗಾಗಬೇಕು ಎಂದು ನಾನು ಅರ್ಜಿ ಹಾಕಿದ್ದೇನೆ. ಬರೆದವರು ರೈತರ ಸಂಘದ ಮಂಜುನಾಥಪ್ಪನವರು. ನಾವು ಬಂದು ನಾಲ್ಕೇ ವರ್ಷ, ಕೂಲಿಗೆ ಇಟ್ಟುಕೊಂಡದ್ದು, ಎದ್ದು ಹೋಗಲಿ ಎಂಬುದು ಗೋಪಾಲಪ್ಪನವರ ಉತ್ತರ. ಅಮಲ್ದಾರರು ಬರುವ ಸೋಮವಾರ ಸ್ಥಳ ನೋಡಲು ಬರುತ್ತಾರೆಂದು ನನಗೆ ಗೊತ್ತಿತ್ತು. ಏನನ್ನು ನೋಡುತ್ತಾರೆಂದು ಗೊತ್ತಿರಲಿಲ್ಲ. ಸಾಕ್ಷಿ ಎಂದರೆ ಕಾಗದ ಎಂದು ತಿಳಿದಿದ್ದೆ. ನಮ್ಮಲ್ಲಿ ಕಾಗದ ಇಲ್ಲ.

ನಿನ್ನೆ ಗುರುವಾರ ಬೆಳಿಗ್ಗೆ ಏಳು ಗಂಟೆಗೆ ಎರಡು ಫರ್ಲಾಂಗ್ ಆಚೆ ಇರುವ ಭೂತಪ್ಪ ಹಾರೆ, ಕೊಡಲಿ ಹೊತ್ತು ಬಂದ. ಅವನೂ ಗೋಪಾಲಪ್ಪನವರ ಗದ್ದೆ ಗೇಣಿಗೆ ಮಾಡುವವನು. ಕೊಯ್ಲಿಗೆ ನಾನು ಅವನ ಗದ್ದೆಗೆ ಎರಡು ದಿನ ಹೋಗಿದ್ದೆ. ಅದರ ಮುಯ್ಯಿ, ಅಂದರೆ ಕೆಲಸಕ್ಕೆ ಪ್ರತಿ ಕೆಲಸ, ಅವನು ತೀರಿಸಬೇಕಿತ್ತು. 'ಈ ಬುಡ ಇಟ್ಕಂಡು ಎಂತ ಪೂಜೆ ಮಾಡ್ತೀಯೇ? ಗೆದ್ಲು ಹಿಡಿದು ಗೋಡೆಗೆ ಬರ್ತದೆ. ಮುಯ್ಯಿಗೆ ಕಿತ್ತು ಕೊಡ್ತೀನಿ' ಎಂದ. ಗದ್ದೆ ಕೆಲಸಕ್ಕೆ ಗದ್ದೆ ಕೆಲಸವೇ ಆಗಬೇಕಲ್ಲ ಎಂದೆ. 'ಬಗ್ಗೋದು ನನ್ ಬೆನ್ನು. ಎಲ್ಲಿ ಬಗ್ಗಿದ್ರೆ ನಿಂಗೆಂತ' ಎಂದು ನಕ್ಕ.

ಮುಯ್ಯಿಗೆ ಬಂದವರನ್ನು ನಮ್ಮಲ್ಲಿ ವಾಪಸ್ಸು ಕಳಿಸುವುದಿಲ್ಲ. ಊಟ ಹಾಕಬೇಕು, ಮನೆಯವರೂ ಜೊತೆಗೆ ಬಗ್ಗಬೇಕು. ಆದ್ದರಿಂದ ನಾನೂ ಬಗ್ಗಿದೆ. ಅವನು ಸುತ್ತ ಮಣ್ಣು ಬಿಡಿಸಿದ, ನಾನು ಬುಟ್ಟಿಯಲ್ಲಿ ಹೊತ್ತು ಹಾಕಿದೆ. ಬಚ್ಚಲ ನೀರು ಹರಿಯುವ ಕಡೆಯ ಬೇರು ನನ್ನ ತೊಡೆಯಷ್ಟು ದಪ್ಪ ಇತ್ತು, ಅದನ್ನು ಅವನು ಕಡಿದ. ಸಣ್ಣ ಬೇರು ಹನ್ನೊಂದನ್ನು ನಾನೇ ನನ್ನ ಕತ್ತಿಯಿಂದ ಕಡಿದೆ. ಹತ್ತೂವರೆಗೆ ಗಂಜಿ, ಮಿಡಿ ಉಪ್ಪಿನಕಾಯಿ ಕೊಟ್ಟೆ. ಬಸ್ಸು ಹೋದದ್ದರಿಂದ ಗಂಟೆ ಗೊತ್ತಾಯಿತು. ಅವನು ಎರಡನೇ ಸಲ ಗಂಜಿ ಹಾಕಿಸಿಕೊಳ್ಳಲಿಲ್ಲ. ಅದು ಅವನ ರೂಢಿಯಲ್ಲ.

ಮಧ್ಯಾಹ್ನ ಸುಮಾರು ಹನ್ನೆರಡಕ್ಕೆ ಮೂರು ಅಡಿ ಆಳದಲ್ಲಿ ಒಂದು ಮಣ್ಣಿನ ಕುಡಿಕೆ ಬಂತು. ಆಮೇಲೆ ಮೂರು. ಹೆರಿಗೆಯಾದ ಮೇಲೆ ಮಾಸನ್ನು ಕುಡಿಕೆಗೆ ಹಾಕಿ ಹಿತ್ತಲಿನ ಮರದ ಬುಡದಲ್ಲಿ ಹೂಳುವುದು ನಮ್ಮ ಪದ್ಧತಿ. ನಾಲ್ಕೂ ನನ್ನ ಹೆರಿಗೆಯವು. ಹೂತವಳು ನನ್ನ ಅತ್ತೆ. ಮೂರನೇ ಮಗು ಹನ್ನೊಂದು ದಿನ ಇತ್ತು. ಅದರ ಕುಡಿಕೆಯ ಅಂಚು ಮೊದಲೇ ಮುಕ್ಕಾಗಿತ್ತು, ಅದರಿಂದ ಗುರುತು ಹಿಡಿದೆ. ಐದನೆಯದು ಬುಡದ ನಟ್ಟನಡುವೆ ಇತ್ತು. ಅದು ನನ್ನ ಗಂಡ ಹುಟ್ಟಿದಾಗಿನದು. ಅದರ ಮೇಲೆಯೇ ಹಲಸಿನ ಸಸಿ ನೆಟ್ಟಿದ್ದರಂತೆ. ಬೇರು ಅದರ ಬಾಯೊಳಗೆ ಹೋಗಿ ಹೊಟ್ಟೆ ಒಡೆದು ಹೊರಗೆ ಬಂದಿತ್ತು. ಗಂಡ ಬದುಕಿದ್ದರೆ ಈಗ ಐವತ್ತೆರಡು ವರ್ಷ.

ಭೂತಪ್ಪ ಹಾರೆ ಕೆಳಗಿಟ್ಟು ಕೂತ. 'ಇದು ನಂಗೆ ಗೊತ್ತಿರ್ಲಿಲ್ಲ ಮಾರಾಯ್ತಿ' ಎಂದ. ಸೋಮವಾರದೊಳಗೆ ಬುಡ ಕಿತ್ತರೆ ನಿನ್ನ ಗದ್ದೆ ನಿನಗೇ ಬಿಡುತ್ತೇನೆ, ಇಲ್ಲವಾದರೆ ಏಳಿಸುತ್ತೇನೆ ಎಂದು ಗೋಪಾಲಪ್ಪನವರು ಹೇಳಿದ್ದಾರೆಂದು ಆಗ ಹೇಳಿದ. ನನ್ನ ಕೈಯಲ್ಲಿ ಕತ್ತಿ ಇತ್ತು, ಅದನ್ನು ತೊಳೆದಿಟ್ಟೆ.

ಮೂರು ಗಂಟೆಗೆ ಗೋಪಾಲಪ್ಪನವರು ಗಾಡಿ, ಸರಪಳಿ, ಇಬ್ಬರು ಆಳು ಸಮೇತ ಬಂದರು. ಬುಡ ನನಗೆ ಬಿಟ್ಟದ್ದು ಎಂದೆ. 'ಮಡಕೆ ನಿಂದು, ತಗ. ಬುಡ ನಂದು' ಎಂದರು. ಸರಪಳಿ ಹಾಕಿ ಎತ್ತಿನಿಂದ ಎಳೆಸಿದರು. ನಾಲ್ಕು ಕುಡಿಕೆ ನನ್ನ ಸೆರಗಿನಲ್ಲಿದ್ದವು. ಗಂಡನದು ಬೇರಿನ ಹಿಡಿತದಲ್ಲಿತ್ತು, ಬುಡದ ಜೊತೆಗೇ ಗಾಡಿಗೆ ಹೋಯಿತು. ಗುಂಡಿ ಮುಚ್ಚಿ ಬಾಳೆ ನೆಡಲು ಆಳುಗಳಿಗೆ ಹೇಳಿದರು. ಆರು ಬಾಳೆ ಕಂದು ಗಾಡಿಯಲ್ಲೇ ಇದ್ದವು. ನಾನು ಗುಂಡಿಗೆ ಇಳಿದು ಕೂತೆ. 'ಎದ್ದೇಳೇ, ಮಣ್ಣು ಬೀಳ್ತದೆ' ಎಂದರು. ಬೀಳಲಿ ಎಂದೆ. ಒಂದು ಬುಟ್ಟಿ ಮಣ್ಣು ಬಿತ್ತು. ಆಳುಗಳು ಎರಡನೆಯದು ಹಾಕಲಿಲ್ಲ. ನಾಲ್ಕು ಗಂಟೆಗೆ ಅವರು ಹೋದರು.

ಐದು ಗಂಟೆಗೆ ಮಂಜುನಾಥಪ್ಪನವರು ಬಂದು ಅರ್ಜಿಯ ನಕಲು ಓದಿದರು. ನಾಲ್ಕನೇ ಸಾಲಿನಲ್ಲಿ, ನಮ್ಮ ವಾಸಕ್ಕೆ ಸಾಕ್ಷಿಯಾಗಿ ನಾವೇ ನೆಟ್ಟ, ಐವತ್ತು ವರ್ಷ ಮೀರಿದ ಹಲಸಿನ ಬುಡ ಹಿತ್ತಲಲ್ಲಿ ಇದೆ ಎಂದು ಬರೆದಿದೆ. 'ಎಂತ ಮಾಡಿಕೊಂಡ್ಯಮ್ಮ' ಎಂದರು. ಹೆಬ್ಬೆಟ್ಟು ಒತ್ತಿಸಿಕೊಂಡ ದಿನ ಇದನ್ನು ನನಗೆ ಯಾಕೆ ಓದಿ ಹೇಳಲಿಲ್ಲ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

ಗುಂಡಿ ಅಗಲ ಏಳು ಅಡಿ, ಆಳ ನಾಲ್ಕು. ಈ ದಿನ ತಾವೇ ಟೇಪು ಹಿಡಿದು ಅಳೆದಿದ್ದೀರಿ. ಗುಂಡಿಯ ಗೋಡೆಯಲ್ಲಿ ಕಡಿದ ಬೇರಿನ ತುದಿ ಹನ್ನೆರಡು ಕಾಣುತ್ತವೆ. ದನ ಬೀಳದಂತೆ ಮುಳ್ಳು ಹಾಕಿದ್ದೇನೆ. ನಾಲ್ಕು ಕುಡಿಕೆ ಮತ್ತೆ ಗುಂಡಿಯಲ್ಲಿ ಇದ್ದಲ್ಲೇ ಇಟ್ಟಿದ್ದೇನೆ. ಐದನೆಯದು ಗೋಪಾಲಪ್ಪನವರ ಕೊಟ್ಟಿಗೆಯಲ್ಲಿ ಬುಡಕ್ಕೆ ಸಿಕ್ಕಿಕೊಂಡಿದೆ. ಬುಡವನ್ನು ಸೌದೆಗೆ ಸೀಳುವ ಮೊದಲು ಅದನ್ನು ತರಿಸಬೇಕು.

ಭೂತಪ್ಪನ ಮೇಲೆ ನನ್ನ ದೂರಿಲ್ಲ. ಎರಡು ದಿನದ ಮುಯ್ಯಿಯಲ್ಲಿ ಒಂದು ದಿನ ತೀರಿದೆ. ಇನ್ನೊಂದು ಯಾವ ದಿನ ಎಂದು ಹೇಳುವುದು ನನಗೆ ಸೇರಿದ್ದು. ಸೋಮವಾರ ಬಾ, ಕಂಡದ್ದನ್ನು ಅಮಲ್ದಾರರ ಮುಂದೆ ಹೇಳು, ಅದೇ ಕೆಲಸ ಎಂದಿದ್ದೇನೆ. 'ನನ್ ಗದ್ದೆ ಹೋಗ್ತದಲ್ಲೇ' ಎಂದ. ಹೋಗಬಹುದು ಎಂದೆ. ಬರುತ್ತೇನೆ ಎನ್ನಲಿಲ್ಲ. ಬರುವುದಿಲ್ಲ ಎಂದೂ ಹೇಳಲಿಲ್ಲ. ಹಾರೆಯನ್ನು ಗುಂಡಿಯ ಪಕ್ಕ ಬಿಟ್ಟು ಹೋಗಿದ್ದಾನೆ.

ಬರೆದದ್ದನ್ನು ಈ ಸಲ ಪೂರ್ತಿ ಓದಿಸಿ ಕೇಳಿದ್ದೇನೆ. ನಾನು ಹೇಳಿದ್ದೇ ಇದೆ, ಹೇಳದ್ದು ಸೇರಿಲ್ಲ. ಕೈಯ ಮಣ್ಣು ಒರೆಸಿ ಹೆಬ್ಬೆಟ್ಟು ಒತ್ತಿದ್ದೇನೆ.

ಸ್ಥಳ: ಕಲ್ಲುಕೊಪ್ಪ, ನನ್ನ ಹಿತ್ತಲು
ದಿನಾಂಕ: 18-3-1966, ಶುಕ್ರವಾರ, ಬೆಳಿಗ್ಗೆ 9 ಗಂಟೆ
ಗುತ್ಯಮ್ಮಳ ಎಡಗೈ ಹೆಬ್ಬೆಟ್ಟಿನ ಗುರುತು

ಅಮಲ್ದಾರರ ಸ್ಥಳ ಪರಿಶೀಲನೆ: ಗುಂಡಿಯ ಹತ್ತಿರ, 21-3-1966, ಸೋಮವಾರ, ಬೆಳಿಗ್ಗೆ 11 ಗಂಟೆ.